ಬಾಯಿಗೆ ಮುಟ್ಟದ ತುತ್ತು: ತಿಂಗಳುಗಟ್ಟಲೆ ಜಾರಿಯೇ ಉಳಿದ ಮೊಣಕೈಗೆ ಏನು ಮಾಡಬಹುದು?

ಆಷಾಢದ ಮಳೆಗೆ ಮಲೆನಾಡಿನ ಅಂಗಳದಲ್ಲಿ ಹಾವಸೆ ಕಟ್ಟುತ್ತದೆ. ಮನೆಗೂ ಕೊಟ್ಟಿಗೆಗೂ ನಡುವೆ ಅಡಿಕೆ ದಬ್ಬೆ ಹಾಸಿಕೊಂಡು, ಅದರ ಮೇಲೆ ಕಾಲಿಟ್ಟೇ ಎಲ್ಲರೂ ಓಡಾಡುವುದು. ಹಾಲು ಕರೆದು ಬರುತ್ತಿದ್ದ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ದಬ್ಬೆಯಿಂದ ಒಂದು ಹೆಜ್ಜೆ ಆಚೆ ಇಟ್ಟರು, ಜಾರಿದರು. ಬೀಳುವಾಗ ಯಾರೇ ಆದರೂ ಮಾಡುವ ಹಾಗೆ ಬಲಗೈ ಊರಿದರು. ಅದು ಜುಲೈ. ಅವರು ನನ್ನ ಮುಂದೆ ಬಂದು ಕೂತದ್ದು ನವೆಂಬರಿನಲ್ಲಿ, ಅಡಿಕೆ ಸುಲಿಯುವ ಕೆಲಸ ಶುರುವಾದ ಮೇಲೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಸೆರಗು ಸರಿಸಿ ಕೈಯನ್ನು ಮೇಜಿನ ಮೇಲಿಟ್ಟರು. ತೋಳು ತೆಳ್ಳಗಾಗಿತ್ತು. ಮೊಣಕೈಯ ಹಿಂದೆ ಮೂಳೆಯೊಂದು ಗೂಟದ ಹಾಗೆ ಎದ್ದು ನಿಂತಿತ್ತು. ಮಡಿಸಿ ಎಂದೆ, ಹೆಗಲು, ಕುತ್ತಿಗೆ, ಬೆನ್ನು ಎಲ್ಲವೂ ಬಾಗಿದವು, ಮೊಣಕೈ ಮಾತ್ರ ಬಾಗಲಿಲ್ಲ. "ಮೆಟ್ಟುಗತ್ತಿ ಮುಂದೆ ಕೂರಕ್ಕಾಗಲ್ಲ ಅನ್ನೋದು ಇರ್ಲಿ ಡಾಕ್ಟ್ರೇ, ತುತ್ತು ಬಾಯಿಗೆ ಮುಟ್ಟಲ್ಲ. ಎಡಗೈಲಿ ಉಣ್ಣಬೇಕಲ್ಲ ಅಂತ ನಾಲ್ಕು ತಿಂಗಳಿಂದ ಯಾರ ಮನೆ ಪಂಕ್ತಿಲೂ ಕೂತಿಲ್ಲ" ಅಂದರು.

ಬಿದ್ದ ದಿನವೇ ಬಂದಿದ್ದರೆ ಬಹುಶಃ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ನಾಲ್ಕು ತಿಂಗಳ ಮೇಲೆ ಯಾಕೆ ದೊಡ್ಡ ಆಪರೇಷನ್ ಆಗುತ್ತದೆ, ಆ ಆಪರೇಷನ್‌ನಲ್ಲಿ ನಾವು ನಿಜಕ್ಕೂ ಏನು ಮಾಡುತ್ತೇವೆ, ಅದರಿಂದ ಎಷ್ಟು ಸಿಗುತ್ತದೆ, ಎಷ್ಟು ಸಿಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೀಲು ನೋಡೋಣ. ತೋಳಿನ ಮೂಳೆಯ ಕೆಳತುದಿ ಬಾವಿಯ ರಾಟೆಯ ಹಾಗಿದೆ, ನಡುವೆ ತಗ್ಗು, ಎರಡು ಬದಿ ಉಬ್ಬು. ಮುಂಗೈಯ ಎರಡು ಮೂಳೆಗಳಲ್ಲಿ ಕಿರುಬೆರಳ ಕಡೆಗಿರುವ ಅಲ್ನಾ ಮೂಳೆಯ ಮೇಲ್ತುದಿ ಕೊಕ್ಕೆಯಾಗಿ ಈ ರಾಟೆಯನ್ನು ತಬ್ಬಿಕೊಂಡಿರುತ್ತದೆ. ಕೊಕ್ಕೆಯ ಹಿಂದಿನ ಭಾಗ ದೊಡ್ಡದು. ಮೇಜಿಗೆ ಮೊಣಕೈ ಊರಿದಾಗ ತಾಗುವ ಗಟ್ಟಿ ಗಂಟು ಅದೇ. ಮುಂದಿನ ತುದಿ ಚಿಕ್ಕದು, ಆದರೆ ಕೈ ಊರಿದಾಗ ಅಲ್ನಾ ಹಿಂದಕ್ಕೆ ಜಾರದಂತೆ ತಡೆಯುವುದು ಆ ಚಿಕ್ಕ ತುದಿಯೇ. ಪಕ್ಕದಲ್ಲಿ ರೇಡಿಯಸ್ ಮೂಳೆಯ ದುಂಡು ತಲೆ ಕೂತಿರುತ್ತದೆ. ಎರಡು ಬದಿಯಲ್ಲಿ ಲಿಗಮೆಂಟುಗಳು ಇವನ್ನೆಲ್ಲ ಬಿಗಿದು ಕಟ್ಟಿರುತ್ತವೆ.

ಕೈ ಊರಿ ಬಿದ್ದಾಗ ಮೈಭಾರ ಮುಂಗೈಯನ್ನು ತಿರುಚುತ್ತ ಹಿಂದಕ್ಕೆ ನೂಕುತ್ತದೆ. ಸಾಮಾನ್ಯವಾಗಿ ಹೊರಬದಿಯ ಲಿಗಮೆಂಟು ಮೊದಲು ಹರಿದು, ಹರಕು ಒಳಬದಿಯತ್ತ ಸಾಗಿ, ಕೊಕ್ಕೆ ರಾಟೆಯಿಂದ ಕಳಚಿ ಅದರ ಹಿಂದೆ ಹೋಗಿ ನಿಲ್ಲುತ್ತದೆ. ದೊಡ್ಡವರಲ್ಲಿ ಭುಜ ಬಿಟ್ಟರೆ ಅತಿ ಹೆಚ್ಚು ಜಾರುವ ದೊಡ್ಡ ಕೀಲು ಮೊಣಕೈ. ಮಕ್ಕಳಲ್ಲಂತೂ ಇದಕ್ಕೇ ಮೊದಲ ಸ್ಥಾನ.

ನಿಮ್ಮ ಮೊಣಕೈಯನ್ನೇ ಒಮ್ಮೆ ಮುಟ್ಟಿ ನೋಡಿಕೊಳ್ಳಿ. 90 ಡಿಗ್ರಿ ಮಡಿಸಿ, ಹಿಂದಿನಿಂದ ಎರಡು ಪಕ್ಕದ ಮೂಳೆ ಉಬ್ಬು ಮತ್ತು ನಡುವಿನ ಗಂಟಿನ ಮೇಲೆ ಮೂರು ಬೆರಳಿಡಿ. ತ್ರಿಕೋನ ಸಿಗುತ್ತದೆ. ಕೈ ಚಾಚಿದರೆ ಮೂರೂ ಒಂದೇ ಗೆರೆಗೆ ಬರುತ್ತವೆ. ಕೀಲು ಜಾರಿದ್ದರೆ ಈ ಲೆಕ್ಕ ತಪ್ಪುತ್ತದೆ. ಮೊಣಕೈಗಿಂತ ಸ್ವಲ್ಪ ಮೇಲೆ ಮೂಳೆ ಮುರಿದಿದ್ದರೂ ಹೊರಗಿನಿಂದ ಕೈ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ, ಆದರೆ ಆಗ ಈ ಮೂರು ಬಿಂದುಗಳ ಸಂಬಂಧ ಕೆಡುವುದಿಲ್ಲ. ಎಕ್ಸ್‌ರೇ ಇಲ್ಲದ ಕಾಲದಿಂದಲೂ ಬಂದ ಪರೀಕ್ಷೆ ಇದು. ಆ ಹೆಂಗಸಿನ ಕೈಯಲ್ಲಿ ನಾಲ್ಕು ತಿಂಗಳ ಮೇಲೂ ನನ್ನ ಬೆರಳಿಗೆ ಮೊದಲು ಸಿಕ್ಕ ಸುಳಿವು ಇದೇ: ನಡುವಿನ ಗಂಟು ತನ್ನ ಜಾಗ ಬಿಟ್ಟು ಹಿಂದೆ, ಮೇಲೆ ಹೋಗಿ ಕೂತಿತ್ತು.

ಹೊಸದಾಗಿ ಜಾರಿದ ಮೊಣಕೈಗೆ ನೋವು ಗೊತ್ತಾಗದಂತೆ ಔಷಧ ಕೊಟ್ಟು, ನಿಧಾನವಾಗಿ ಎಳೆದು, ಮಡಿಸಿದರೆ ಬಹಳಷ್ಟು ಸಲ 'ಟಕ್' ಎಂದು ಕೂರುತ್ತದೆ. ಕೂತಿತೇ ಎಂದು ಎಕ್ಸ್‌ರೇ ತೆಗೆದು ನೋಡಿ, ಕೆಲವು ದಿನ ಪಟ್ಟಿ ಹಾಕಿ, ಬೇಗನೆ ಆಡಿಸಲು ಶುರು ಮಾಡುತ್ತೇವೆ. ಮೂಳೆಯೂ ಮುರಿದಿದ್ದರೆ ಮಾತು ಬೇರೆ.

ಹಾಗಾದರೆ ಇಷ್ಟು ಸುಲಭದ್ದು ನಾಲ್ಕು ತಿಂಗಳು ಉಳಿದದ್ದು ಹೇಗೆ? ನಮ್ಮ ಪುಸ್ತಕಗಳಲ್ಲಿ ಇದಕ್ಕೆ 'ನೆಗ್ಲೆಕ್ಟೆಡ್', ಅಂದರೆ ಕಡೆಗಣಿಸಿದ ಜಾರಿಕೆ ಎಂಬ ಹೆಸರಿದೆ. ನನಗೆ ಆ ಪದ ಇಷ್ಟವಿಲ್ಲ. ಅವರು ಕಡೆಗಣಿಸಿರಲಿಲ್ಲ. ಬಿದ್ದ ಮಾರನೇ ದಿನವೇ ಕಟ್ಟು ಹಾಕುವವರ ಹತ್ತಿರ ಹೋಗಿದ್ದರು. ಬಿದಿರ ದಬ್ಬೆ ಇಟ್ಟು ಮೊಟ್ಟೆ ಬಿಳಿ ಹಚ್ಚಿ ಬಿಗಿದಿದ್ದರು. ಮೂರು ಸಲ ಕಟ್ಟು ಬದಲಾಯಿಸಿದರು. ಆಮೇಲೆ ದಿನಾ ಎಣ್ಣೆ ಹಚ್ಚಿ ನೀವಿಸಿ, ಜಗ್ಗಿಸಿಕೊಂಡಿದ್ದರು. ಖರ್ಚೂ ಮಾಡಿದ್ದರು, ನೋವೂ ಉಂಡಿದ್ದರು.

ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಂಡರೆ ಸಾಕು, ಎಷ್ಟೋ ಕೈ ಉಳಿಯುತ್ತವೆ. ಮುರಿದ ಮೂಳೆಗೆ ಕೂಡಿಕೊಳ್ಳುವ ಸ್ವಭಾವವಿದೆ. ಅಲುಗಾಡದಂತೆ ಕಟ್ಟಿದರೆ, ಸೊಟ್ಟಗಾದರೂ, ಅನೇಕ ಮುರಿತಗಳು ತಾವಾಗಿಯೇ ಕೂಡುತ್ತವೆ. ಕಟ್ಟಿಗೆ ಹೆಸರು ಬಂದದ್ದು ಅದರಿಂದಲೇ. ಜಾರಿದ ಕೀಲಿಗೆ ಆ ಸ್ವಭಾವ ಇಲ್ಲ. ಅದನ್ನು ಕೂರಿಸದೆ ಎಷ್ಟು ಚೆನ್ನಾಗಿ ಕಟ್ಟಿದರೂ ಜಾರಿದ ಜಾಗದಲ್ಲೇ ಚೆನ್ನಾಗಿ ಕಟ್ಟಿದಂತೆ ಆಗುತ್ತದೆ. ಮೇಲಾಗಿ ಎರಡು ಮೂರು ವಾರಕ್ಕೆ ನೋವು ತಗ್ಗುತ್ತದೆ, ಊತ ಇಳಿಯುತ್ತದೆ. ವಾಸಿಯಾಗುತ್ತಿದೆ ಎಂದು ಮನೆಯವರು ನಂಬುವುದು ಆಗಲೇ.

ತಪ್ಪು ಹಳ್ಳಿಯ ಕಟ್ಟಿನಲ್ಲಿ ಮಾತ್ರ ಆಗುತ್ತದೆ ಎಂದರೆ ಅದು ಸುಳ್ಳು. ಒಂದೇ ಕೋನದಿಂದ ಎಕ್ಸ್‌ರೇ ತೆಗೆದು ಜಾರಿಕೆ ಕಣ್ತಪ್ಪಿದ್ದನ್ನು, ಕೂರಿಸಿದ ಮೊಣಕೈ ಪಟ್ಟಿಯೊಳಗೇ ಮತ್ತೆ ಜಾರಿದ್ದನ್ನು ಯಾರೂ ಗಮನಿಸದ್ದನ್ನು, ಅಪಘಾತದಲ್ಲಿ ತಲೆಗೆ ಪೆಟ್ಟಾದವರ ಮೊಣಕೈಯತ್ತ ವಾರಗಟ್ಟಲೆ ಯಾರ ಗಮನವೂ ಹೋಗದ್ದನ್ನು ನಾನು ನೋಡಿದ್ದೇನೆ. ಮಳೆಗಾಲದಲ್ಲಿ ಬಸ್ಸೇ ಬಾರದ ಊರಿನವರಿಗೆ ದೂರದ ಆಸ್ಪತ್ರೆಗಿಂತ ಹತ್ತಿರದ ಕಟ್ಟು ಕಣ್ಣಿಗೆ ಬೀಳುವುದು ಸಹಜವೂ ಹೌದು. ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ ಬೇಕು: ಕಟ್ಟಾಗಲಿ, ಆಸ್ಪತ್ರೆಯ ಪಟ್ಟಿಯಾಗಲಿ, ಹಾಕಿದ ಮೇಲೆ ನೋವು ಏರುತ್ತಲೇ ಹೋಗಿ, ಬೆರಳು ಬಿಡಿಸಿದರೆ ಜೀವ ಹೋದಂತಾದರೆ, ಆ ಕ್ಷಣವೇ ಅದನ್ನು ಬಿಚ್ಚಿಸಿ ಆಸ್ಪತ್ರೆಗೆ ಓಡಬೇಕು. ರಕ್ತ ಸಿಗದ ಮಾಂಸಖಂಡ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ; ಬೆರಳುಗಳು ಮುರುಟಿಕೊಳ್ಳುವ ಆ ಸ್ಥಿತಿಯನ್ನು ಜರ್ಮನಿಯ ವೋಕ್‌ಮನ್ 1881ರಲ್ಲೇ ವಿವರಿಸಿದ್ದ.

ಸಾಮಾನ್ಯವಾಗಿ ನಾವು 3 ವಾರಕ್ಕೆ ಗೆರೆ ಎಳೆಯುತ್ತೇವೆ. ಅದಾದ ಮೇಲೆ ಎಳೆದು ಕೂರಿಸುವ ಪ್ರಯತ್ನ ಮಾಡುವುದಿಲ್ಲ. ಯಾಕೆ? ಖಾಲಿ ಬಿದ್ದ ಮನೆಗೆ ಬೇರೆಯವರು ಬಂದು ಸೇರಿಕೊಂಡ ಹಾಗೆ ಅಂದುಕೊಳ್ಳಿ. ರಾಟೆ ಕೂರಬೇಕಿದ್ದ ಕೊಕ್ಕೆಯ ತಗ್ಗಿನಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಅದು ದಿನಕಳೆದಂತೆ ನಾರಾಗುತ್ತದೆ, ನಾರು ಗಟ್ಟಿಯಾಗುತ್ತದೆ. ತೋಳಿನ ಹಿಂಬದಿಯ ಟ್ರೈಸೆಪ್ಸ್ ಸ್ನಾಯು, ಮೂಳೆ ಮೇಲಕ್ಕೆ ಸರಿದಷ್ಟೂ ಗಿಡ್ಡವಾಗಿ ಹಾಗೇ ಒಗ್ಗಿಹೋಗುತ್ತದೆ. ಹರಿದ ಲಿಗಮೆಂಟುಗಳು ತಪ್ಪು ಜಾಗದಲ್ಲಿ ಕುಗ್ಗಿ ಅಂಟುತ್ತವೆ. ಕೀಲಿನ ಚೀಲ ದಪ್ಪಗಾಗುತ್ತದೆ. ಕೆಲಸವಿಲ್ಲದ ಮೂಳೆ ಸುಣ್ಣ ಕಳೆದುಕೊಂಡು ಮೆತ್ತಗಾಗುತ್ತದೆ. ಕೀಲಿನ ನುಣುಪಾದ ಮೃದ್ವಸ್ಥಿಗೆ ಪೋಷಣೆ ಸಿಗುವುದು ಕೀಲು ಆಡಿದಾಗ. ಆಡದಿದ್ದರೆ ಅದೂ ಸೊರಗುತ್ತದೆ. ಇಂಥ ಕೈಯನ್ನು ಬಲವಾಗಿ ಎಳೆದರೆ ಕೀಲು ಕೂರುವುದಿರಲಿ, ಮೂಳೆಯೇ ಮುರಿಯಬಹುದು, ಮೃದ್ವಸ್ಥಿ ಜಜ್ಜಿಹೋಗಬಹುದು, ನರ ಹರಿಯಬಹುದು.

ನೀವುವುದು, ಜಗ್ಗುವುದು ಇದಕ್ಕಿಂತ ಕೆಟ್ಟದ್ದನ್ನು ಮಾಡುತ್ತದೆ. ಪೆಟ್ಟಾದ ಮೊಣಕೈಯ ಸುತ್ತ ಮಾಂಸದೊಳಗೇ ಹೊಸ ಮೂಳೆ ಬೆಳೆಯುವ ಒಂದು ಪ್ರವೃತ್ತಿ ಇದೆ. ಬೇರೆಯವರು ಒತ್ತಾಯದಿಂದ ಮಡಿಸಿ ಬಿಡಿಸಿದಷ್ಟೂ ಅದು ಹೆಚ್ಚಾಗುತ್ತದೆ. ಅವರ ಎಕ್ಸ್‌ರೇಯಲ್ಲಿ ಮೊಣಕೈ ಮುಂದೆ ಮೋಡದಂಥ ಬಿಳಿ ಛಾಯೆ ಕಂಡಿತು. ದಿನಾ ನೀವಿದ ಜಾಗದಲ್ಲೇ.

ಎಲ್ಲರಿಗೂ ಆಪರೇಷನ್ ಬೇಕೇ? ಬೇಡ. ಕೀಲು ಜಾರಿಯೇ ಇದ್ದರೂ ಕೆಲವರಿಗೆ ನೋವಿರುವುದಿಲ್ಲ, ಮಡಿಕೆ ಒಂದಿಷ್ಟು ಉಪಯೋಗದ ಕೋನದಲ್ಲಿ ಉಳಿದಿರುತ್ತದೆ. ವಯಸ್ಸಾದವರು, ಮನೆಯ ಸಣ್ಣಪುಟ್ಟ ಕೆಲಸ ಸಾಗಿದರೆ ಸಾಕೆನ್ನುವವರು ಹಾಗೇ ಇರಬಹುದು. ಕತ್ತಿ ಹಿಡಿಯುವ ಮೊದಲು ನಾವು ಕೇಳಿಕೊಳ್ಳಬೇಕಾದ್ದು ಈ ಕೈ ಏನು ಮಾಡಬೇಕಾಗಿದೆ ಎಂಬುದನ್ನು.

ಅದಕ್ಕೊಂದು ಅಳತೆ ಇದೆ. ಕೈ ನೆಟ್ಟಗಿದ್ದರೆ 0 ಡಿಗ್ರಿ, ಪೂರ್ತಿ ಮಡಿಸಿದರೆ ಸುಮಾರು 140. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮೋರಿ ಮತ್ತು ಸಂಗಡಿಗರು 1981ರಲ್ಲಿ 33 ಆರೋಗ್ಯವಂತರ ಮೊಣಕೈ ಚಲನೆ ಅಳೆದು, ದಿನನಿತ್ಯದ ಹೆಚ್ಚಿನ ಕೆಲಸಗಳಿಗೆ 30ರಿಂದ 130 ಡಿಗ್ರಿವರೆಗಿನ 100 ಡಿಗ್ರಿ ಸಾಕು ಎಂದು ತೋರಿಸಿದರು. ಇಂದಿಗೂ ಮೊಣಕೈ ಆಪರೇಷನ್‌ಗಳ ಗುರಿ ಇದೇ. ಅವರು ನೋಡಿದ್ದು ಫೋರ್ಕಿನಲ್ಲಿ ತಿನ್ನುವುದು, ಫೋನ್ ಹಿಡಿಯುವುದು, ಬಾಗಿಲು ತೆಗೆಯುವುದು. ಕಲಸಿದ ಅನ್ನ ಬೆರಳಲ್ಲೇ ಬಾಯಿಗೆ ಹೋಗಬೇಕಾದ ನಮ್ಮಲ್ಲಿ, ತುರುಬು ಕಟ್ಟಬೇಕಾದ, ಓಲೆ ತಿರುಪು ಬಿಗಿಯಬೇಕಾದ ಹೆಂಗಸರಿಗೆ ಮಡಿಕೆಯ ಕೊನೆಯ ಹತ್ತು ಡಿಗ್ರಿಯೂ ಬಂಗಾರ. ಈಕೆಯ ಕೈ ಆಡುತ್ತಿದ್ದುದು 20ರಿಂದ 45ರವರೆಗೆ ಮಾತ್ರ. ನಾನು ಎಡಗೈ, ಬಲಗೈ ಎರಡರ ಮೇಲೂ ಅಳತೆಕೋಲು ಇಟ್ಟು ತೋರಿಸಿ, "ಅಮ್ಮಾ, ಹಳೇ ಕೈ ವಾಪಸ್ ಬರಲ್ಲ. ತುತ್ತು ಬಾಯಿಗೆ ಮುಟ್ಟೋ ಹಾಗೆ ಮಾಡೋಕೆ ಪ್ರಯತ್ನ ಮಾಡ್ತೀನಿ" ಎಂದೆ. ಆಪರೇಷನ್‌ಗೆ ಮುಂಚೆ ಈ ಮಾತು ಆಡದವರು ರೋಗಿಗೆ ಅರ್ಧ ಸತ್ಯ ಹೇಳಿದ ಹಾಗೆ.

ಎರಡು ಕೋನದ ಎಕ್ಸ್‌ರೇ, ಒಳಗಿನ ಚೂರುಗಳನ್ನು ಕಾಣಲು ಸಿಟಿ ಸ್ಕ್ಯಾನ್, ನರದ ಪರೀಕ್ಷೆ ಆಯಿತು. ಹೆಬ್ಬೆರಳು, ತೋರುಬೆರಳ ನಡುವೆ ಕಾಗದ ಹಿಡಿಯಲು ಹೇಳಿ ಎಳೆದೆ, ಬಿಡಲಿಲ್ಲ. ಕಿರುಬೆರಳು ಜೋಮು ಹಿಡಿದಿರಲಿಲ್ಲ. ಅಲ್ನಾರ್ ನರ ಉಳಿದಿತ್ತು.

ಮೊಣಕೈ ಗೋಡೆಗೆ ತಾಗಿದಾಗ ಕಿರುಬೆರಳವರೆಗೆ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅದೇ ಆ ನರ. ಆಪರೇಷನ್‌ನಲ್ಲಿ ನಾವು ಮೊದಲು ಹುಡುಕುವುದೂ ಅದನ್ನೇ. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ತೋಳನ್ನು ದಿಂಬಿನ ಮೇಲಿಟ್ಟು, ಮುಂಗೈ ಕೆಳಗೆ ಜೋತುಬೀಳುವಂತೆ ಮಾಡಿ, ಹಿಂದಿನಿಂದ ಚರ್ಮ ಬಿಡಿಸುತ್ತೇವೆ. ನಾರಿನ ಗೋಜಲಲ್ಲಿ ಹೂತ ನರವನ್ನು ಬಿಡಿಸಿ, ಮೆತ್ತನೆಯ ಪಟ್ಟಿಯಿಂದ ಪಕ್ಕಕ್ಕೆ ಹಿಡಿದುಕೊಳ್ಳುತ್ತೇವೆ. ಅದು ಕಣ್ಣೆದುರು ಇಲ್ಲದೆ ಮುಂದಿನ ಒಂದು ಹೆಜ್ಜೆಯೂ ಇಡುವಂತಿಲ್ಲ.

ಮುಂದಿನ ಅಡ್ಡಿ ಗಿಡ್ಡವಾದ ಟ್ರೈಸೆಪ್ಸ್. ಅಮೆರಿಕದ ಜೆ. ಎಸ್. ಸ್ಪೀಡ್ ಎಂಬ ಶಸ್ತ್ರಚಿಕಿತ್ಸಕ 1925ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಸ್ನಾಯುವಿನ ಬಿಳಿಯ ತಂತುವನ್ನು ನಾಲಿಗೆಯಾಕಾರದಲ್ಲಿ ಬಿಡಿಸಿಕೊಂಡು, ಕೊನೆಯಲ್ಲಿ ಅದನ್ನು ಕೆಳಕ್ಕೆ ಸರಿಸಿ ಹೊಲಿಯುವುದು. ಗಿಡ್ಡವಾದ ರವಿಕೆಗೆ ಪಟ್ಟಿ ಬಿಟ್ಟು ಉದ್ದ ಮಾಡಿದ ಹಾಗೆ. ಇದಕ್ಕೊಂದು ಬೆಲೆಯಿದೆ: ಕೈ ನೆಟ್ಟಗೆ ಚಾಚುವ ಬಲ ಕುಂದುತ್ತದೆ. 1993ರಲ್ಲಿ ಥಾಯ್ಲೆಂಡಿನ ವೈದ್ಯರು, ಟ್ರೈಸೆಪ್ಸ್ ಉದ್ದ ಮಾಡದೆಯೇ ಹಳೆಯ ಜಾರಿಕೆ ಕೂರಿಸಿದವರನ್ನು ಉದ್ದ ಮಾಡಿದವರ ಜೊತೆ ಹೋಲಿಸಿ, ಈ ಹೆಜ್ಜೆ ಎಲ್ಲರಿಗೂ ಬೇಕಿಲ್ಲ ಎಂದು ವಾದಿಸಿದರು. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ಸ್ನಾಯುವನ್ನು ಮೂಳೆಯಿಂದ ಮೇಲಿನವರೆಗೆ ಬಿಡಿಸಿಕೊಂಡರೆ ಎಷ್ಟೋ ಸಲ ಸಾಕಾಗುತ್ತದೆ. ಕೀಲು ಕೂರಿಸಿದ ಮೇಲೆ 90 ಡಿಗ್ರಿಯೂ ಮಡಿಯದಿದ್ದರೆ ಮಾತ್ರ ಉದ್ದ ಮಾಡುತ್ತೇನೆ.

ನಿಜವಾದ ಕೆಲಸ ಇದಾದ ಮೇಲೆ. ಸೇರಿಕೊಂಡವರನ್ನು ಹೊರಹಾಕುವುದು. ಕೊಕ್ಕೆಯ ತಗ್ಗು ಎಲ್ಲಿದೆಯೆಂದೇ ಕಾಣುವುದಿಲ್ಲ, ಹಸಿ ತೆಂಗಿನ ಕಾಯಿಯ ಗಂಜಿಗಿಂತ ಗಟ್ಟಿ, ರಬ್ಬರಿಗಿಂತ ಮೆತ್ತಗಿನ ಬಿಳಿ ನಾರು ಅದನ್ನು ತುಂಬಿರುತ್ತದೆ. ಅದರ ಕೆಳಗೆ ಮೃದ್ವಸ್ಥಿ, ಅದೂ ಬಿಳಿಯೇ. ನಾರು ತೆಗೆಯುವ ಭರದಲ್ಲಿ ಮೃದ್ವಸ್ಥಿ ಕೆರೆದುಹೋದರೆ ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ. ಕಣ್ಣಿಗಿಂತ ಬೆರಳನ್ನು ನಂಬಬೇಕು: ನಾರು ಚಮಚದಂಥ ಉಪಕರಣಕ್ಕೆ ಸಿಕ್ಕಿ ಎಳೆಯಾಗಿ ಬರುತ್ತದೆ, ಮೃದ್ವಸ್ಥಿ ನುಣುಚಿಕೊಳ್ಳುತ್ತದೆ. ಆ ದಿನ ಈ ಒಂದು ಹಂತಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ನಾರಿನ ಪದರ ಎದ್ದು ಕೆಳಗೆ ಹೊಳೆಯುವ ನೀಲಿಬಿಳುಪಿನ ಮೇಲ್ಮೈ ಕಂಡಾಗ, ಈ ಕೈಗೆ ಇನ್ನೂ ದಾರಿಯಿದೆ ಅನ್ನಿಸಿತು.

ಆಮೇಲೆ ಕುಗ್ಗಿದ ಲಿಗಮೆಂಟು, ದಪ್ಪಗಾದ ಚೀಲ, ಮುಂದೆ ಬೆಳೆದ ಹೊಸ ಮೂಳೆ ಇವನ್ನೆಲ್ಲ ಬಿಡಿಸಿದರೆ ಕೀಲು ಒತ್ತಾಯವಿಲ್ಲದೆ ಕೂರಬೇಕು. ಬಲ ಹಾಕಬೇಕಾಗಿ ಬಂದರೆ ಎಲ್ಲೋ ಏನೋ ಬಿಡಿಸುವುದು ಬಾಕಿಯಿದೆ ಎಂದು ಅರ್ಥ. ಮೆತ್ತಗಾದ ಮೂಳೆ ನಮ್ಮ ಆತುರವನ್ನು ತಡೆದುಕೊಳ್ಳುವುದಿಲ್ಲ.

ಕೂತದ್ದೇನೋ ಕೂತಿತು, ನಿಲ್ಲುವುದು ಹೇಗೆ? ಇಷ್ಟೆಲ್ಲ ಬಿಡಿಸಿದ ಕೀಲು ಸಡಿಲ. ಬಿಗಿಯಾಗಿ ಹಿಡಿದರೆ ಮತ್ತೆ ಗಟ್ಟಿಯಾಗುತ್ತದೆ, ಆಡಲು ಬಿಟ್ಟರೆ ಮತ್ತೆ ಜಾರುತ್ತದೆ. ಈ ಶಸ್ತ್ರಚಿಕಿತ್ಸೆಯ ಕಷ್ಟವೆಲ್ಲ ಈ ಇಕ್ಕಟ್ಟಿನಲ್ಲಿದೆ. ಹಳೆಯ ಉಪಾಯ, ಕೀಲಿನ ಮೂಲಕ ಒಂದೆರಡು ತಂತಿ ತೂರಿಸಿ 2-3 ವಾರ ಹಾಗೇ ಹಿಡಿದಿಡುವುದು. ಹೊಸದು, ಹೊರಗಡೆ ಬಾಗಿಲ ಕೀಲಿನಂಥ ಚೌಕಟ್ಟು ಕೂರಿಸುವುದು; ಅದು ಕೀಲನ್ನು ಜಾರದಂತೆ ಹಿಡಿದು ಮಡಿಸಲು ಮಾತ್ರ ಬಿಡುತ್ತದೆ. ಬಾಸ್ಟನ್ನಿನ ಜೂಪಿಟರ್ ಮತ್ತು ರಿಂಗ್ 2002ರಲ್ಲಿ ಐದು ಜನರಿಗೆ ಹೀಗೆ ಮಾಡಿ, ಸ್ನಾಯು ಉದ್ದ ಮಾಡದೆ, ಹೊಸ ಲಿಗಮೆಂಟು ಕಟ್ಟದೆ ಒಳ್ಳೆಯ ಚಲನೆ ಪಡೆದದ್ದನ್ನು ಪ್ರಕಟಿಸಿದರು. ಚೌಕಟ್ಟಿನ ಅಕ್ಷ ರಾಟೆಯ ಅಕ್ಷಕ್ಕೆ ಕರಾರುವಾಕ್ಕಾಗಿ ಹೊಂದಬೇಕು, ಖರ್ಚೂ ಹೆಚ್ಚು. ಕೆಲವರಿಗೆ ಲಿಗಮೆಂಟನ್ನು ಮೂಳೆಗೆ ಮರಳಿ ಹೊಲಿದರೆ ಸಾಕು, ಕೆಲವರಿಗೆ ಮಣಿಕಟ್ಟಿನ ಹತ್ತಿರದ ತಂತು ತೆಗೆದು ಹೊಸದು ಕಟ್ಟಬೇಕು. ಈಕೆಗೆ ಹೊರಬದಿಯ ಲಿಗಮೆಂಟು ಹೊಲಿದು, ಒಂದು ತಂತಿ ತೂರಿಸಿ, ನರವನ್ನು ಎಳೆತ ಬೀಳದಂತೆ ಮುಂದಕ್ಕೆ ಸರಿಸಿಟ್ಟು ಮುಗಿಸಿದೆವು.

ಮೃದ್ವಸ್ಥಿ ಪೂರ್ತಿ ಹೋಗಿದ್ದರೆ? ತೊಡೆಯ ಹೊದಿಕೆಯಂಥ ಪದರ ತಂದು ಎರಡು ಮೂಳೆಗಳ ನಡುವೆ ಹಾಸುವುದುಂಟು. ಕೆಲಸಕ್ಕೆ ಬರುವ ಒಂದೇ ಕೋನದಲ್ಲಿ ಕೀಲನ್ನು ಬೆಸೆದುಬಿಡುವುದೂ ಉಂಟು. ಕೃತಕ ಮೊಣಕೈ ಇದೆ, ಆದರೆ ಅದನ್ನು ಹಾಕಿಸಿಕೊಂಡವರು ಆ ಕೈಯಲ್ಲಿ 5 ಕಿಲೋಗಿಂತ ಹೆಚ್ಚು ಎತ್ತಬಾರದೆಂದು ಸಾಮಾನ್ಯವಾಗಿ ಹೇಳುತ್ತೇವೆ. ಹುಲ್ಲಿನ ಹೊರೆ ಹೊರುವ, ಅಡಿಕೆ ಚೀಲ ಎಳೆಯುವ ಕೈಗೆ ಅದು ಸಲ್ಲದು. ವಯಸ್ಸಾದವರಿಗೆ, ಭಾರದ ಕೆಲಸವಿಲ್ಲದವರಿಗೆ ಸರಿ. ಮಕ್ಕಳಲ್ಲಿ ಬೆಳೆಯುವ ಮೂಳೆಯ ತುದಿಗಳನ್ನು ಕಾಪಾಡಬೇಕಾದ್ದರಿಂದ ಲೆಕ್ಕವೇ ಬೇರೆ. ಅವರಲ್ಲಿ ಒಳಬದಿಯ ಉಬ್ಬು ಕಿತ್ತುಬಂದು ಕೀಲಿನೊಳಗೇ ಸಿಕ್ಕಿಕೊಂಡಿರುವುದೂ ಇರುತ್ತದೆ.

ಅಪಾಯಗಳನ್ನೂ ಹೇಳಬೇಕು. ನರ ಕೆಲವು ತಿಂಗಳು ಜೋಮು ಹಿಡಿಯಬಹುದು. ತಂತಿಯ ಜಾಗದಲ್ಲಿ ಕೀವಾಗಬಹುದು. ಕೀಲು ಮತ್ತೆ ಜಾರಬಹುದು, ಹೊಸ ಮೂಳೆ ಮತ್ತೆ ಬೆಳೆಯಬಹುದು. ಅದನ್ನು ತಡೆಯಲು ಕೆಲವು ವಾರ ಇಂಡೊಮೆಥಾಸಿನ್ ಮಾತ್ರೆ ಕೊಡುವ ರೂಢಿಯಿದೆ.

ಎರಡು ವಾರಕ್ಕೆ ತಂತಿ ತೆಗೆದ ದಿನ ಅವರು ಅತ್ತರು. ಫಿಸಿಯೋಥೆರಪಿಯ ಹುಡುಗಿ ಕೈ ಮುಟ್ಟಲೇ ಇಲ್ಲ, ಎದುರು ಕೂತು "ನೀವೇ ಮಡ್ಸಿ ಅಕ್ಕಾ, ನಾನು ಎಣಿಸ್ತೀನಿ" ಎನ್ನುತ್ತಿದ್ದಳು. ಸ್ವಂತ ಸ್ನಾಯುವಿನ ಬಲದಿಂದಲೇ ಮಡಿಸಬೇಕು, ಮಲಗಿಕೊಂಡು ಕೈ ಮೇಲೆತ್ತಿ ಮುಂಗೈಯನ್ನು ಅದರ ಭಾರಕ್ಕೇ ಬಿಡಬೇಕು, ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಮನೆಯಲ್ಲಿ ಯಾರೂ ಹಿಡಿದು ಜಗ್ಗಬಾರದೆಂದು ಗಂಡನಿಗೆ, ಅತ್ತೆಗೆ ಬೇರೆ ಬೇರೆಯಾಗಿ ಹೇಳಿದೆ. ಒಂದು ವಾರಕ್ಕೆ ಐದು ಡಿಗ್ರಿ, ಮುಂದಿನ ವಾರ ಏನೂ ಇಲ್ಲ, ಅದರ ಮುಂದಿನ ವಾರ ಎಂಟು. ಆರು ತಿಂಗಳು, ಕೆಲವರಲ್ಲಿ ವರ್ಷದವರೆಗೂ ಹೀಗೆ ಏರುತ್ತದೆ.

ಐದನೇ ತಿಂಗಳಿಗೆ ಅಳತೆಕೋಲು 35ರಿಂದ 125 ತೋರಿಸಿತು. ಕೈ ಪೂರ್ತಿ ನೆಟ್ಟಗಾಗುವುದಿಲ್ಲ, ಕೊಡ ಹಿಡಿಯುವುದು ಈಗಲೂ ಎಡಗೈಯಲ್ಲಿ. ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ, ಆದರೆ ಮೊದಲಿನ ವೇಗವಿಲ್ಲ. ನಾದಿನಿಯ ಮಗಳ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ಹೇಳಿದರು. ತುತ್ತು ಮುಟ್ಟಿಸಲು ಕುತ್ತಿಗೆ ಒಂದಿಷ್ಟು ಬಾಗಿಸಬೇಕಾಯಿತಂತೆ. ತುರುಬಿಗೆ ಕೈ ಇನ್ನೂ ಎಟುಕುವುದಿಲ್ಲ. ಅದನ್ನು ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಮಗಳು ಕಟ್ಟಿಕೊಡುತ್ತಾಳೆ.